‘ನಿಮ್ಮ ಕಾದಂಬರಿ ಆಯ್ಕೆಯಾಗಿದೆ’ ಅಂತ ಫೋನ್ ಬಂದರೆ

ಹೈಸ್ಕೂಲು, ಪಿಯುಸಿ ಮಕ್ಕಳಿಗಾಗಿ ಕಾದಂಬರಿ ಬರೆದು ಪ್ರಕಾಶಕರನ್ನು ಹುಡುಕುತ್ತಿದ್ದೀರಾ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ನನ್ನ 18,000 ರೂಪಾಯಿ ಹೋಗಿದೆ. ಪುಸ್ತಕವೂ ಬಂದಿಲ್ಲ.

ನಾನಿರುವುದು ತುಮಕೂರಿನಲ್ಲಿ. ನನ್ನ ಕಾದಂಬರಿ ದಿನಾ ಗುಬ್ಬಿಯಿಂದ ಇಲ್ಲಿಗೆ ಬಸ್ಸಿನಲ್ಲಿ ಓದಲು ಬರುವ ಪಿಯುಸಿ ಹುಡುಗಿಯದು. ಮಕ್ಕಳ ಪುಸ್ತಕ ಮಾಡುವವರು ‘ಇದು ದೊಡ್ಡವರದು’ ಅಂದರು. ದೊಡ್ಡವರ ಕಾದಂಬರಿ ಹಾಕುವವರು ‘ಇದು ಮಕ್ಕಳದು’ ಅಂದರು. ಈ ಸಂದಿಯಲ್ಲೇ ಕೆಲವರು ಅಂಗಡಿ ಇಟ್ಟುಕೊಂಡಿದ್ದಾರೆ. ಬೆಂಗಳೂರಿನ ಒಂದು ಸಂಸ್ಥೆಗೆ ಹಸ್ತಪ್ರತಿ ಕಳಿಸಿದ ಮಾರನೇ ದಿನವೇ ‘ಆಯ್ಕೆಯಾಗಿದೆ ಮೇಡಂ’ ಅಂತ ಫೋನ್. ಇನ್ನೂರು ಪುಟ ರಾತ್ರೋರಾತ್ರಿ ಯಾರು ಓದಿದರೋ!

ಪುಸ್ತಕ ಮಾಡಿಕೊಡಲು ನಾನೇ ಕಟ್ಟಬೇಕಾದ ಪ್ಯಾಕೇಜ್ 45,000, ಮೊದಲ ಕಂತು 18,000. ಆ ಕಂತಿನ ಬಿಲ್ಲಿನಲ್ಲಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ 4,000 ಹಾಕಿದ್ದರು. ಅದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕಾಪಿರೈಟ್ ನೋಂದಣಿಗೆ 6,000. ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಹಕ್ಕು ನಮ್ಮದೇ. ಬೇಕೇ ಬೇಕು ಅಂದರೂ ಸರ್ಕಾರಿ ಶುಲ್ಕ 500 ರೂಪಾಯಿ. ‘ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ ಕಳಿಸುತ್ತೇವೆ’ ಅಂತಲೂ ಆಸೆ ತೋರಿಸಿದರು. ಅದು 35 ವರ್ಷ ದಾಟದ ಲೇಖಕರಿಗೆ. ನನಗೆ 41. ‘ಯುವ’ ಅಂದರೆ ಅಲ್ಲಿ ಬರೆಯುವವರ ವಯಸ್ಸು, ಓದುವವರದಲ್ಲ.

ಉಳಿದ 8,000 ‘ಸಂಪಾದನೆ’ಗೆ. ಹೊಟ್ಟೆ ಉರಿಯುವುದು ಇಲ್ಲೇ. ನನ್ನ ಹುಡುಗಿ ‘ಬಸ್ ಮಿಸ್ ಆಯ್ತು ಕಣೇ’ ಅಂದರೆ ಇವರ ಕರಡಿನಲ್ಲಿ ‘ವಾಹನವು ತಪ್ಪಿಹೋಯಿತು ಗೆಳತಿ’ ಅನ್ನುತ್ತಾಳೆ. ಯಾವ ಪಿಯುಸಿ ಹುಡುಗಿ ಹೀಗೆ ಮಾತಾಡುತ್ತಾಳೆ ಹೇಳಿ? ಪ್ರತಿ ಅಧ್ಯಾಯದ ಕೊನೆಗೆ ಒಂದು ನೀತಿ ಬೇರೆ ಸೇರಿಸಿದ್ದರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳು ಕಿತ್ತುಹೋಗಿದ್ದವು, ಅರ್ಕಾವತ್ತು ಎಲ್ಲೆಲ್ಲೋ ಕೂತಿತ್ತು. ಒಬ್ಬರೂ ಕಣ್ಣಾಡಿಸಿರಲಿಲ್ಲ.

ಒಪ್ಪಂದದ ಪತ್ರ ಬಂದಿದ್ದು ದುಡ್ಡು ಕಟ್ಟಿದ ಮೇಲೆ. ಎಷ್ಟು ಕೇಳಿದರೂ ಅಲ್ಲಿಯವರೆಗೆ ‘ಕಳಿಸ್ತೀವಿ ಮೇಡಂ’ ಅಷ್ಟೇ. ಪರಿಚಯದ ವಕೀಲರಿಗೆ ತೋರಿಸಿದೆ. ಅನುವಾದ, ಆಡಿಯೋ, ಸಿನಿಮಾ, ವೆಬ್ ಸರಣಿ ಎಲ್ಲ ಹಕ್ಕೂ ‘ಕೃತಿಸ್ವಾಮ್ಯದ ಅವಧಿ ಪೂರ್ತಿ’ ಅವರಿಗೆ ಅಂತಿತ್ತು. ಅಂದರೆ ನಾನು ಬದುಕಿರುವಷ್ಟು ದಿನ, ಆಮೇಲೆ 60 ವರ್ಷ. ಅವಧಿ ಬರೆಯದೇ ಬಿಟ್ಟಿದ್ದರೆ ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ 5 ವರ್ಷ ಅಂತ ಲೆಕ್ಕವಂತೆ. ಇವರು ಅದಕ್ಕೂ ಜಾಗ ಬಿಟ್ಟಿಲ್ಲ. ನಾನು ಸಹಿ ಹಾಕಲಿಲ್ಲ. ‘ಹಾಗಾದರೆ ಕಟ್ಟಿದ್ದು ವಾಪಸ್ ಇಲ್ಲ’ ಅಂದರು. ಈಗ ಫೋನೇ ಎತ್ತುವುದಿಲ್ಲ.

ನಾವೇ ದುಡ್ಡು ಹಾಕಿ ಅಚ್ಚು ಮಾಡಿಸುವುದು ತಪ್ಪೇನಲ್ಲ, ಎಷ್ಟೋ ಜನ ಮಾಡಿಸುತ್ತಾರೆ. ಆದರೆ ಅದಕ್ಕೆ ನೇರ ಪ್ರೆಸ್ಸಿಗೇ ಹೋಗಿ ಕೊಟೇಶನ್ ತೆಗೆದುಕೊಳ್ಳಿ, ‘ಆಯ್ಕೆ’ಯ ನಾಟಕ ಯಾಕೆ? ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಗಳ ಪ್ರೋತ್ಸಾಹಧನ ಯೋಜನೆಯನ್ನೂ ನೋಡಿ. ವಯಸ್ಸಿನ ಮಿತಿ ಇದೆ, ನನಗೆ ಅದೂ ದಾಟಿತ್ತು.

ಈಗಾಗಲೇ ದುಡ್ಡು ಕಟ್ಟಿದ್ದರೆ ವಾಟ್ಸಾಪ್ ಮಾತು, ಯುಪಿಐ ರಸೀದಿ, ಕರಡಿನ ಪಿಡಿಎಫ್ ಯಾವುದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನಾವಿರುವ ಊರಿನಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕಟ್ಟಿದ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ನಾನು ತುಮಕೂರಿನಲ್ಲೇ ಕೊಟ್ಟಿದ್ದೇನೆ. ಅದೇ ಸಂಸ್ಥೆಗೆ ದುಡ್ಡು ಕಟ್ಟಿರಬಹುದು ಅನ್ನಿಸಿದವರು ಮೆಸೇಜ್ ಮಾಡಿ, ಹೆಸರು ಅಲ್ಲಿ ಹೇಳುತ್ತೇನೆ.