ಕಿಲ್ಮ್ಯೂರ್‌ನ ಹುಲ್ಲುಮನೆಗಳು: ಮುಳಬಾಗಿಲಿನವನು ಕಂಡಂತೆ

ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋದ ನಮ್ಮವರು ಓಲ್ಡ್ ಮ್ಯಾನ್ ಆಫ್ ಸ್ಟಾರ್ ಬಂಡೆಯ ಮುಂದೆ ಫೋಟೋ ತೆಗೆಸಿಕೊಂಡು ಹಿಂದಿರುಗುವುದೇ ಹೆಚ್ಚು. ದ್ವೀಪದ ಉತ್ತರ ತುದಿಯ ಕಿಲ್ಮ್ಯೂರ್ ಎಂಬ ಪುಟ್ಟ ಹಳ್ಳಿಯಲ್ಲಿ 1965ರಲ್ಲಿ ಆರಂಭವಾದ ‘ಸ್ಕೈ ಮ್ಯೂಸಿಯಂ ಆಫ್ ಐಲ್ಯಾಂಡ್ ಲೈಫ್’ ಇದೆ. ಮುಳಬಾಗಿಲು ತಾಲ್ಲೂಕಿನ ರಾಗಿ ಹೊಲಗಳ ನಡುವೆ ಬೆಳೆದ ನನಗೆ ಇಡೀ ಪ್ರವಾಸದಲ್ಲಿ ಕೊಟ್ಟ ಹಣ ಸಾರ್ಥಕವೆನಿಸಿದ್ದು ಇಲ್ಲಿಯೇ.

ಸಮುದ್ರದತ್ತ ಇಳಿಯುವ ಬಯಲಿನಲ್ಲಿ ದಪ್ಪ ಕಲ್ಲುಗೋಡೆಯ ಹುಲ್ಲುಮನೆಗಳ ಒಂದು ಗುಂಪು, ಅಷ್ಟೆ. ಗಾಳಿಗೆ ಹಾರಿಹೋಗದಂತೆ ಚಾವಣಿಯ ಮೇಲೆ ಬಲೆ ಬಿಗಿದು ಅಂಚಿನುದ್ದಕ್ಕೂ ಕಲ್ಲುಗಳನ್ನು ತೂಗುಬಿಟ್ಟಿರುವುದನ್ನು ಕಂಡಾಗ, ಬಣವೆಯ ಮೇಲೆ ಹಗ್ಗ ಹಾಯಿಸಿ ಎರಡೂ ಬದಿಗೆ ಕಲ್ಲು ಕಟ್ಟುತ್ತಿದ್ದ ನಮ್ಮ ತಾತ ನೆನಪಾದರು. ಒಂದು ಮನೆಯಲ್ಲಿ ರೈತನ ಸಂಸಾರ, ಇನ್ನೊಂದರಲ್ಲಿ ಮಗ್ಗ, ಮತ್ತೊಂದರಲ್ಲಿ ಕುಲುಮೆ. ಒಲೆಗೆ ಉರುವಲು ಪೀಟ್: ಜೌಗುನೆಲದಲ್ಲಿ ಸಾವಿರಾರು ವರ್ಷಗಳಿಂದ ಅರೆಕೊಳೆತು ಒತ್ತಾದ ಸಸ್ಯರಾಶಿಯನ್ನು ಇಟ್ಟಿಗೆಯಂತೆ ಕೊಯ್ದು, ಬೇಸಿಗೆಯಲ್ಲಿ ಒಣಗಿಸಿ, ಮನೆಯ ಪಕ್ಕದಲ್ಲಿ ಒಟ್ಟಿಕೊಳ್ಳುತ್ತಿದ್ದರು. ಮರಗಳು ವಿರಳವಾದ ಆ ನೆಲದ ಬೆರಣಿ ಅದು. ಮಳೆಗಾಗಿ ಆಕಾಶ ನೋಡುವ ಕೋಲಾರದವನಿಗೆ, ಉರುವಲು ಒಣಗಲೆಂದು ಬಿಸಿಲಿಗಾಗಿ ಆಕಾಶ ನೋಡಿದ ರೈತರನ್ನು ಊಹಿಸಿಕೊಳ್ಳುವುದು ಸ್ವಲ್ಪ ಕಷ್ಟವೇ ಆಯಿತು.

ಈ ಸಣ್ಣ ಹಿಡುವಳಿದಾರರನ್ನು ‘ಕ್ರಾಫ್ಟರ್’ ಎನ್ನುತ್ತಾರೆ. ಭೂಮಾಲೀಕ ಬಿಡೆಂದಾಗ ನೆಲ ಬಿಡಬೇಕಾಗಿದ್ದ ಅವರಿಗೆ, 1882ರಲ್ಲಿ ಇದೇ ದ್ವೀಪದ ಬ್ರೇಸ್‌ನಲ್ಲಿ ಪೊಲೀಸರೊಡನೆ ನಡೆದ ಘರ್ಷಣೆಯಂತಹ ಪ್ರತಿಭಟನೆಗಳ ನಂತರ, 1886ರ ಕಾಯ್ದೆಯು ಗೇಣಿಯ ಭದ್ರತೆಯನ್ನು ನೀಡಿತು, ಒಡೆತನವನ್ನಲ್ಲ. ನಮ್ಮಲ್ಲಿ 1974ರ ಭೂಸುಧಾರಣೆಯ ನಂತರ ಫಾರಂ ನಂಬರ್ 7 ಸಲ್ಲಿಸಿ ಗೇಣಿ ಜಮೀನನ್ನು ತಮ್ಮದಾಗಿಸಿಕೊಂಡ ಮನೆಗಳವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆರೆಹೊರೆಯವರು ರಾತ್ರಿ ಸೇರಿ ಗೇಲಿಕ್ ಭಾಷೆಯಲ್ಲಿ ಹಾಡು, ಕಥೆ ನಡೆಸುತ್ತಿದ್ದಂತಹ ‘ಕೇಲಿ ಮನೆ’ಯೂ ಇಲ್ಲುಂಟು, ಚಳಿಗೆ ಹೆದರಿ ಒಳಗೆ ಬಂದು ಕುಳಿತ ಅರಳಿಕಟ್ಟೆ ಎನ್ನಬಹುದು. ಅಲ್ಲಿನ ಹಳೆಯ ಫೋಟೋಗಳನ್ನು, ಕಾಗದಪತ್ರಗಳನ್ನು ನಿಧಾನವಾಗಿ ನೋಡಬೇಕು. ನಮ್ಮನ್ನು ಕರೆದೊಯ್ದ ಪ್ರವಾಸಿ ವ್ಯಾನಿನವರು ಎಲ್ಲಕ್ಕೂ ಸೇರಿ ಅರ್ಧ ಗಂಟೆ ಕೊಟ್ಟು ಹಾರ್ನ್ ಹೊಡೆಯತೊಡಗಿದ್ದರಿಂದ ನಾನು ಅರ್ಧವನ್ನೂ ಓದಲಾಗಲಿಲ್ಲ. ಬ್ರಿಟನ್ನಿನ ಸಿಂಹಾಸನಕ್ಕಾಗಿ ಬಂಡೆದ್ದು ಸೋತು ತಲೆಮರೆಸಿಕೊಂಡಿದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನಿಗೆ 1746ರಲ್ಲಿ ದಾಸಿಯ ವೇಷ ತೊಡಿಸಿ ಪಾರುಮಾಡಿದ ಫ್ಲೋರಾ ಮ್ಯಾಕ್‌ಡೊನಾಲ್ಡಳ ಸಮಾಧಿ ಸಮೀಪದ ಸ್ಮಶಾನದಲ್ಲಿಯೇ ಇದ್ದರೂ ಅದನ್ನು ವ್ಯಾನಿನ ಕಿಟಕಿಯಿಂದ ನೋಡಿದ್ದಾಯಿತು.

ಹೋಗುವವರು ಸ್ವಂತ ಕಾರಿನಲ್ಲಿ ಹೋಗಿ ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿಯೂ ಸ್ವೆಟರ್ ಬೇಕು.