ಮೇ ತಿಂಗಳಲ್ಲಿ ಶೆಡ್ ಕೆಳಗಿನ ಬಿಲ ಮುಚ್ಚಬೇಡಿ

ಅಮೆರಿಕದಲ್ಲಿ ಹಳ್ಳಿ ಕಡೆ ಜಾಗ ತಗೊಂಡಿರುವವರು ಇದನ್ನು ಓದಿ. ಪೆನ್ಸಿಲ್ವೇನಿಯಾದ ನಮ್ಮ ಮೂರು ಎಕರೆಯಲ್ಲಿ ನಾನು ಮಾಡಿಕೊಂಡ ಎಡವಟ್ಟು ಇದು.

ಹುಲ್ಲಿನ ತುಂಬ ಸಣ್ಣ ಸಣ್ಣ ಗುಂಡಿ, ಲೋಟ ಒತ್ತಿ ಮಣ್ಣು ತೆಗೆದ ಹಾಗೆ. ಸ್ಕಂಕ್ (ಬೆಕ್ಕಿನಷ್ಟು ಗಾತ್ರದ ಕಪ್ಪು-ಬಿಳಿ ಪ್ರಾಣಿ, ಬೆದರಿದರೆ ಬಾಲದ ಬುಡದಿಂದ ನಾರುವ ದ್ರವ ಚಿಮ್ಮಿಸುತ್ತದೆ) ರಾತ್ರಿ ಬಂದು ಗೊಣ್ಣೆಹುಳ ಕೆದಕಿ ತಿನ್ನುತ್ತಿತ್ತು. ನೋಡಿದರೆ ನಮಗೆ ಉಪಕಾರವೇ, ಸುಮ್ನೆ ಇದ್ದಿದ್ದರೆ ಆಗಿತ್ತು. ಆದರೆ ಶೆಡ್ ಕೆಳಗೆ ಬಿಲ ಕಂಡಿತು, ನನಗೆ ತಲೆ ಕೆಟ್ಟಿತು. ಮೇ ಕೊನೆಯ ಒಂದು ಶನಿವಾರ ಹಾಡಹಗಲೇ ಕಲ್ಲು, ಇಟ್ಟಿಗೆ ತುಂಬಿ ಬಿಲ ಮುಚ್ಚಿದೆ. ಹಗಲಲ್ಲಿ ಅದು ಒಳಗೇ ಮಲಗಿರುತ್ತದೆ ಅನ್ನೋದು ಹೊಳೆಯಲೇ ಇಲ್ಲ.

ರಾತ್ರಿ ಅದು ಇನ್ನೊಂದು ಕಡೆಯಿಂದ ತೋಡಿಕೊಂಡು ಹೊರಬಂತು. ನಾಯಿ ಬೊಗಳುತ್ತಾ ಓಡಿತು. ಟಾರ್ಚ್ ಬೆಳಕಲ್ಲಿ ನೋಡಿದೆ: ಸ್ಕಂಕ್ ಮುಂಗಾಲು ನೆಲಕ್ಕೆ ಪಟಪಟ ಬಡಿಯಿತು, ಬಾಲ ಎತ್ತಿತು. ಅದು ಕೊಡುವ ಎಚ್ಚರಿಕೆಯೇ ಅದು. ನಮ್ಮ ನಾಯಿಗೆ ಎಲ್ಲಿ ಅರ್ಥವಾಗಬೇಕು? ಹತ್ತಡಿ ದೂರದಿಂದ ನೇರ ಅದರ ಮುಖಕ್ಕೇ ದ್ರವ ಚಿಮ್ಮಿಸಿತು.

ಹೈವೇಯಲ್ಲಿ ಹೋಗುವಾಗ ಕಾರಿನೊಳಗೆ ಬರುವ ಸ್ಕಂಕ್ ವಾಸನೆ ಇದರ ಮುಂದೆ ಏನೂ ಅಲ್ಲ. ಸುಟ್ಟ ರಬ್ಬರ್, ಕೊಳೆತ ಬೆಳ್ಳುಳ್ಳಿ ಸೇರಿಸಿ ಗಂಟಲಿಗೆ ತುರುಕಿದ ಹಾಗೆ. ಗಾಬರಿಯಲ್ಲಿ ನಾಯಿಯನ್ನು ಬಚ್ಚಲಿಗೆ ತಂದು ನೀರು ಹೊಯ್ದೆ. ಎರಡನೇ ತಪ್ಪು. ಆ ದ್ರವದಲ್ಲಿನ ಕೆಲವು ಅಂಶಗಳು ನೀರು ತಾಗಿದಾಗಲೇ ನಾರಲು ಶುರುಮಾಡುತ್ತವೆ. ಫೋನಲ್ಲಿ ಅಮ್ಮ, “ಪುನುಗಿನ ಬೆಕ್ಕೇನೋ? ಸೀಗೆಪುಡಿ ಹಾಕಿ ತಿಕ್ಕು” ಅಂದರು. ಇಲ್ಲಿನವರು ಟೊಮೆಟೊ ರಸ ಅಂತಾರೆ. ಎರಡೂ ಮಾಡಿದೆ, ಬಚ್ಚಲು ಕೆಂಪಾಯಿತು ಅಷ್ಟೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಇದು: 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಕಾಲು ಕಪ್ ಅಡುಗೆ ಸೋಡಾ, ಒಂದೆರಡು ಚಮಚ ಪಾತ್ರೆ ತೊಳೆಯುವ ಸೋಪು. ಒಣ ಮೈಗೇ ಹಚ್ಚಿ, ಕಣ್ಣಿಗೆ ತಾಗಿಸದೆ, ಐದು ನಿಮಿಷ ಬಿಟ್ಟು ತೊಳೆಯಿರಿ. ಮಿಕ್ಕಿದ್ದನ್ನು ಚೆಲ್ಲಿಬಿಡಿ. ಬಾಟಲಿಗೆ ತುಂಬಿ ಮುಚ್ಚಿಟ್ಟರೆ ಗ್ಯಾಸ್ ತುಂಬಿ ಒಡೆಯುತ್ತದೆ.

ಮೂರನೇ ತಪ್ಪು ನೆನೆದರೆ ಈಗಲೂ ಹೊಟ್ಟೆ ತೊಳೆಸುತ್ತದೆ. ಪ್ರಾಣಿ ಹಿಡಿಯುವ ಒಬ್ಬ ಬಂದ. ಬೋನಿಟ್ಟು ಸ್ಕಂಕನ್ನು ಹಿಡಿದ, ದುಡ್ಡು ತಗೊಂಡು ಹೋದ. ಬಿಲದೊಳಗೆ ಇನ್ನೇನಿದೆ ಅಂತ ಅವನೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಎರಡು ದಿನದ ಮೇಲೆ ಶೆಡ್ ನೆಲದಡಿ ಸಣ್ಣಗೆ ಕೀಚು ಧ್ವನಿ. ಸ್ಕಂಕ್‌ಗಳು ಮರಿ ಹಾಕುವುದೇ ಮೇ ಸುಮಾರಿಗೆ. ಹಲಗೆ ಕಿತ್ತು ನೋಡಿದರೆ ಐದು ಮರಿ, ಎರಡು ಆಗಲೇ ಸತ್ತಿದ್ದವು. ಉಳಿದವನ್ನು ಲೈಸೆನ್ಸ್ ಇರುವ ವನ್ಯಜೀವಿ ಆರೈಕೆಯವರು ಬಂದು ತಗೊಂಡು ಹೋದರು. ರೇಬೀಸ್ ಭಯ ಇದೆ, ಬರಿಗೈಯಲ್ಲಿ ಮುಟ್ಟಲೇಬೇಡಿ ಅಂದರು. ಅದೇ ಕಾರಣಕ್ಕೆ ಹಿಡಿದ ಸ್ಕಂಕನ್ನು ದೂರ ಒಯ್ದು ಬಿಡುವುದು ಇಲ್ಲಿನ ಅನೇಕ ರಾಜ್ಯಗಳಲ್ಲಿ ಕಾನೂನುಬಾಹಿರ.

ಈಗ ಮಾಡುವುದು ಇಷ್ಟೇ. ಇಲ್ಲಿನ ಬೇಸಿಗೆ ಮುಗಿಯುವವರೆಗೆ, ಅಂದರೆ ಆಗಸ್ಟ್ ಕೊನೆಯವರೆಗೆ, ಬಿಲ ಮುಟ್ಟುವುದಿಲ್ಲ. ಮರಿಗಳು ತಾಯಿಯ ಹಿಂದೆ ಹೊರಟು ಹೋದ ಮೇಲೆ, ರಂಗೋಲಿ ಹಾಕುವ ಹಾಗೆ ಬಿಲದ ಬಾಯಲ್ಲಿ ಹಿಟ್ಟು ಉದುರಿಸುತ್ತೇನೆ. ಮೂರು ರಾತ್ರಿ ಹೆಜ್ಜೆ ಕಾಣದಿದ್ದರೆ ಗಟ್ಟಿ ತಂತಿಜಾಲರಿ ತಂದು, ಶೆಡ್ ಸುತ್ತ ಒಂದಡಿ ಆಳಕ್ಕೆ ಹೂತು, ತುದಿಯನ್ನು ಹೊರಕ್ಕೆ ಮಡಚುತ್ತೇನೆ. ಬಿಲಕ್ಕೆ ನುಸಿಗುಳಿಗೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಬರೀ ವಿಷ.

ನಾಯಿ ಈಗ ಆರಾಮಾಗಿದೆ. ಮಳೆಯಲ್ಲಿ ನೆನೆದು ಬಂದಾಗ ಮಾತ್ರ ಯಾರೂ ಹತ್ತಿರ ಕೂರಿಸಿಕೊಳ್ಳಲ್ಲ.