ಹೋಮ್ ಲೋನ್ ಕೊಟ್ಟ ಬ್ಯಾಂಕ್ ಬಗ್ಗೆ: ಲೀಗಲ್ ಚೆಕ್ ಸೂಪರ್, ಇನ್ಶೂರೆನ್ಸ್ ಕಾಟ ಬೇಡಪ್ಪಾ ಬೇಡ

ಉತ್ತರಹಳ್ಳಿ ಕಡೆ ಒಂದು ಹಳೇ ಟೂ ಬಿಎಚ್‌ಕೆ ಫ್ಲ್ಯಾಟ್ ತಗೊಂಡ್ವಿ, ರೀಸೇಲ್, 80 ಲಕ್ಷ. ಅದರಲ್ಲಿ 60 ಲಕ್ಷ ಲೋನ್, ಒಂದು ದೊಡ್ಡ ಪ್ರೈವೇಟ್ ಬ್ಯಾಂಕ್‌ನ ಜಯನಗರ ಬ್ರಾಂಚ್‌ನಲ್ಲಿ. ಬ್ಯಾಂಕ್ ಹೆಸರು ಹಾಕಲ್ಲ, ಯಾಕಂದ್ರೆ ಇಲ್ಲಿ ಬರೀತಿರೋ ಕಾಟ ಬೇರೆ ಕಡೇನೂ ಇದೆ ಅಂತ ಆಫೀಸಲ್ಲಿ ಎಲ್ರೂ ಹೇಳ್ತಾರೆ.

ಮೊದಲು ಒಳ್ಳೇದು ಹೇಳ್ಬಿಡ್ತೀನಿ. ಆಸ್ತಿ ಪೇಪರ್ ನೋಡೋಕೆ ಬ್ಯಾಂಕೇ ಇಟ್ಕೊಂಡಿರೋ ಪ್ಯಾನೆಲ್ ಲಾಯರ್ ಇದ್ದಾರಲ್ಲ, ಮನುಷ್ಯ ಪಕ್ಕಾ. ಓನರ್ ಕೊಟ್ಟ ಇಸಿ (ಆಸ್ತಿ ಮೇಲೆ ರಿಜಿಸ್ಟರ್ ಆಗಿರೋ ವ್ಯವಹಾರ, ಸಾಲದ ಪಟ್ಟಿ) 2004ರ ಏಪ್ರಿಲ್‌ನಿಂದ ಈಚೆಗಿನದು ಮಾತ್ರ, ಅಷ್ಟೇ ತಾನೇ ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಸಿಗೋದು, ಅದಕ್ಕೆ ಹಿಂದಿಂದು ಸಬ್ ರಿಜಿಸ್ಟ್ರಾರ್ ಆಫೀಸಿಂದ ಮ್ಯಾನ್ಯುಯಲ್ ಇಸಿ ತರಿಸಿ ಅಂದ್ರು, ಮದರ್ ಡೀಡ್ (ಆಸ್ತಿಯ ಹಳೇ ಮೂಲ ಪತ್ರ) ಕೇಳಿದ್ರು, ಓಸಿ (ಬಿಲ್ಡಿಂಗ್‌ನಲ್ಲಿ ವಾಸ ಮಾಡ್ಬಹುದು ಅನ್ನೋ ಸರ್ಟಿಫಿಕೇಟು) ಕೇಳಿದ್ರು, ಇ-ಖಾತಾದಲ್ಲಿ (ಕಾರ್ಪೊರೇಷನ್ನಿನ ಆನ್‌ಲೈನ್ ಆಸ್ತಿ ದಾಖಲೆ) ಓನರ್ ಹೆಸರಿನ ಇನಿಷಿಯಲ್ ಸೇಲ್ ಡೀಡ್‌ಗೆ ಮ್ಯಾಚ್ ಆಗ್ತಿಲ್ಲ ಅಂತ ಅದನ್ನೂ ಸರಿ ಮಾಡಿಸಿದ್ರು. ಓನರ್ ಅಂಕಲ್‌ಗೆ ಸಿಕ್ಕಾಪಟ್ಟೆ ಕೋಪ ಬಂತು, 'ಏನಮ್ಮಾ ನಿಮ್ ಬ್ಯಾಂಕು ನಮ್ ತಾತನ ಜಾತಕಾನೂ ಕೇಳುತ್ತಾ' ಅಂದ್ರು. ಕೇಳ್ಲಿ ಬಿಡಿ ಅಂಕಲ್ ಅಂದೆ. ಬೆಂಗಳೂರಲ್ಲಿ ದಾಖಲೆ ಪೂರ್ತಿ ಸರಿ ಇಲ್ಲದ ಬಿ ಖಾತಾ ಸೈಟು, ಓಸಿ ಇಲ್ಲದ ಬಿಲ್ಡಿಂಗು ಎಷ್ಟಿದೆ ಅಂತ ಗೊತ್ತಿರೋರಿಗೆ ಈ ತಲೆನೋವು ಎಷ್ಟೋ ವಾಸಿ. ಆದ್ರೂ ಆ ಲಾಯರ್ ನೋಡೋದು ಬ್ಯಾಂಕ್ ದುಡ್ಡಿಗೆ ಸೇಫಾ ಅಂತ, ರಿಪೋರ್ಟ್ ಕಾಪಿ ಕೇಳಿದ್ರೂ ನಮಗೆ ಕೊಡ್ಲಿಲ್ಲ, ಅದಕ್ಕೆ ನಮ್ಮ ಕಡೆಯಿಂದ ಬೇರೆ ಲಾಯರ್ ಹತ್ರಾನೂ ಒಂದ್ಸಲ ತೋರಿಸಿದ್ವಿ.

ಇನ್ನು ಲೋನ್ ಸೇಲ್ಸ್ ಹುಡುಗ. ಫೋನಲ್ಲಿ 7.5% ಅಂತ ಮೂಗಿಗೆ ತುಪ್ಪ ಸವರಿದ, ಅದೇನೋ ಸುಳ್ಳಲ್ಲ, ಆಗ ರೆಪೋ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ರೇಟು) 5.25, ಅದರ ಮೇಲೆ ಇವರು ಸೇರಿಸೋ ಸ್ಪ್ರೆಡ್ 2.25. ಲೋನ್ ಮಂಜೂರಾದ ಸ್ಯಾಂಕ್ಷನ್ ಲೆಟರ್ ಬಂದಾಗ ನೋಡಿದ್ರೆ ಲೋನ್ ಅಮೌಂಟು 61.8 ಲಕ್ಷ! ಮೂರನೇ ಪೇಜಲ್ಲಿ, ಭೂತಗನ್ನಡಿ ಇಟ್ಕೊಂಡು ಓದೋ ಸೈಜಲ್ಲಿ, 'ಲೋನ್ ಪ್ರೊಟೆಕ್ಷನ್ ಪ್ರೀಮಿಯಂ 1,80,000' ಅಂತ ಇನ್ಶೂರೆನ್ಸ್ ಕೂತಿದೆ. ಕೇಳಿದ್ರೆ 'ಮೇಡಮ್ ಅದು ಕಂಪಲ್ಸರಿ, ಸಿಸ್ಟಮಲ್ಲೇ ಆಡ್ ಆಗತ್ತೆ, ನಿಮ್ ಕೈಯಿಂದ ಏನೂ ಕಟ್ಟೋ ಹಾಗಿಲ್ಲ, ಇಎಂಐ ಬರೀ ಸಾವಿರದ ನಾನೂರು ಜಾಸ್ತಿ ಅಷ್ಟೇ'. ಬರೀ! 20 ವರ್ಷ ಆ ಸಾವಿರದ ನಾನೂರ ಚಿಲ್ಲರೆ ಕಟ್ಟಿದ್ರೆ ಹತ್ತಿರ ಹತ್ತಿರ ಮೂರೂವರೆ ಲಕ್ಷ ಆಗತ್ತೆ ಕಣಪ್ಪಾ, ಪ್ರೀಮಿಯಂಗೂ ನಾವು ಬಡ್ಡಿ ಕಟ್ಬೇಕು. ನಾನು ಜಗಳ ಆಡ್ಲಿಲ್ಲ, ಕಂಪಲ್ಸರಿ ಅಂತ ಬ್ಯಾಂಕ್ ಐಡಿಯಿಂದ ಒಂದು ಮೇಲ್ ಹಾಕ್ಬಿಡಿ ಅಂದೆ. ಮೇಲ್ ಬರ್ಲೇ ಇಲ್ಲ, ಮಾರನೇ ದಿನ 60 ಲಕ್ಷದ ಹೊಸ ಲೆಟರ್ ಬಂತು. ನಮ್ಮವರಿಗೆ ಆಗ್ಲೇ ಟರ್ಮ್ ಇನ್ಶೂರೆನ್ಸ್ ಇತ್ತು, ಅದನ್ನೇ ಸ್ವಲ್ಪ ಜಾಸ್ತಿ ಮಾಡಿಸಿದ್ವಿ. ಈಗ ಲೋನ್ ಜೊತೆ ಕೆಎಫ್‌ಎಸ್ (ಲೋನಿನ ಮುಖ್ಯ ವಿವರಗಳ ಪಟ್ಟಿ) ಅಂತ ಒಂದು ಶೀಟ್ ಕೊಡ್ಲೇಬೇಕು, ಅದರಲ್ಲಿ ಎಪಿಆರ್ ಇರತ್ತೆ, ಚಾರ್ಜು ಎಲ್ಲಾ ಸೇರಿಸಿ ನಿಜವಾದ ರೇಟು ಎಷ್ಟು ಅಂತ, ಫೋನಲ್ಲಿ ಹೇಳೋ ರೇಟ್ ಬಿಟ್ಟು ಅದನ್ನ ನೋಡಿ.

ಇದೇ ಹುಡುಗ ಹೇಳದೇ ಇದ್ದಿದ್ದು ಇನ್ನೊಂದಿದೆ. ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು ಸರ್ಚಾರ್ಜು, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ 1% ಇದ್ದಿದ್ದು 2% ಆಗಿದೆ, ಎಲ್ಲಾ ಸೇರಿ 7.6%. 80 ಲಕ್ಷಕ್ಕೆ 6 ಲಕ್ಷದ ಮೇಲಾಯ್ತು, ಇದಕ್ಕೆ ಲೋನ್ ಇಲ್ಲ, ಕೈಯಿಂದಾನೇ. 50 ಲಕ್ಷ ದಾಟಿದ್ರೆ ಮಾರೋರಿಗೆ ಕೊಡೋ ದುಡ್ಡಲ್ಲಿ 1% ಟಿಡಿಎಸ್ (ಇನ್ಕಮ್ ಟ್ಯಾಕ್ಸ್) ಹಿಡಿದು ಕಟ್ಟೋ ಕೆಲಸಾನೂ ತಗೊಳ್ಳೋರದ್ದೇ, ನಮ್ಮ ಆಡಿಟರ್ ನೆನಪಿಸಿದ್ರು.

ರೇಟ್ ಏರಿದ್ರೆ ಏನ್ಮಾಡ್ತೀರಿ ಅಂತ ಮ್ಯಾನೇಜರ್‌ನೇ ಕೂರಿಸಿ ಕೇಳಿದೆ. ನಮ್ಮ ಟೀಮಲ್ಲಿ ಒಬ್ರು 2021ರಲ್ಲಿ ಲೋನ್ ತಗೊಂಡ್ರು, ಆಗ ರೆಪೋ 4%, 2023ರ ಫೆಬ್ರವರಿ ಹೊತ್ತಿಗೆ 6.5% ಆಯ್ತು, ಅವರ ಬ್ಯಾಂಕ್ ಕಂತು ಅಷ್ಟೇ ಇಟ್ಟು ವರ್ಷಗಳನ್ನ ಎಳೀತಾ ಹೋಯ್ತು, ಪಾಪ ರಿಟೈರ್ ಆದ್ಮೇಲೂ ಕಟ್ಟೋ ಹಾಗಾಯ್ತು. ಕಂತು ಜಾಸ್ತಿ ಮಾಡ್ಬೇಕಾ ಅವಧಿ ಎಳೀಬೇಕಾ ಅಂತ ಈಗ ನಮ್ಮನ್ನ ಕೇಳ್ಲೇಬೇಕು, ಆರ್‌ಬಿಐ ರೂಲ್. ಈ ಮ್ಯಾನೇಜರ್ ನೇರವಾಗಿ ಉತ್ರ ಕೊಟ್ರು, ಅದು ಇಷ್ಟ ಆಯ್ತು. ಹೌಸಿಂಗ್ ಫೈನಾನ್ಸ್ ಕಂಪ್ನಿಗಳಿಗೆ ಬ್ಯಾಂಕುಗಳ ಹಾಗೆ ಲೋನ್ ರೇಟನ್ನ ರೆಪೋ ಥರದ ಹೊರಗಿನ ರೇಟಿಗೇ ಲಿಂಕ್ ಮಾಡ್ಬೇಕು ಅನ್ನೋ ಕಟ್ಟುಪಾಡಿಲ್ಲ, ಅದಕ್ಕೇ ನಾನು ಬ್ಯಾಂಕೇ ಬೇಕು ಅಂತ ಹಟ ಹಿಡಿದಿದ್ದು.

ಆಪ್ ಮಾತ್ರ ದರಿದ್ರ. ನಮ್ಮ ಥರ ರೇಟು ಏರಿಳಿಯೋ ಫ್ಲೋಟಿಂಗ್ ಲೋನಿಗೆ ಪ್ರೀಪೇಮೆಂಟ್ (ಮುಂಚೆನೇ ಕಟ್ಟೋ) ಚಾರ್ಜ್ ಇಲ್ಲ ಸರಿ, ಆದ್ರೆ ಆಪಲ್ಲಿ ದುಡ್ಡು ಹಾಕಿದ್ರೆ ತಾನಾಗೇ ಕಂತು ಕಮ್ಮಿ ಮಾಡತ್ತೆ, ಅವಧಿ ಕಮ್ಮಿ ಬೇಕು ಅಂದ್ರೆ ಬ್ರಾಂಚಿಗೆ ಹೋಗಿ ಲೆಟರ್ ಬರೆದುಕೊಡ್ಬೇಕು.

ಐದಕ್ಕೆ ಮೂರೂವರೆ ಕೊಡ್ತೀನಿ, ಮೂರು ಲಾಯರ್‌ಗೆ, ಅರ್ಧ ಮ್ಯಾನೇಜರ್‌ಗೆ. ಹೋಗೋದಾದ್ರೆ ಏಜೆಂಟ್ ಹಿಡೀಬೇಡಿ, ಸೀದಾ ಬ್ರಾಂಚಿನ ಲೋನ್ ಡೆಸ್ಕಿಗೇ ಹೋಗಿ, ತಿಂಗಳ ಕೊನೇ ವಾರ ಬಿಟ್ಟು, ಆಗ ಟಾರ್ಗೆಟ್ ಟೆನ್ಶನ್‌ನಲ್ಲಿ ಲೆಟರ್ ಓದೋಕೂ ಬಿಡಲ್ಲ.